ಅತ್ತೆಯ ಹೆಸರು, ಹೊಳೆಯ ಹೆಸರು

ಸಾನಿಕಾಳ ಮದುವೆಯ ಅರಿಶಿಣಕ್ಕೆಂದು ಈ ಬೇಸಿಗೆಯಲ್ಲಿ ಸಾಂಗ್ಲಿಯಿಂದ ಹೊಳೆಯಾಚೆಯ ಸಾಂಗ್ಲಿವಾಡಿಗೆ ಹೋಗಿದ್ದೆ. ಸಾನಿಕಾ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಅವ್ವ ಅಂಗಡಿಯ ಪುಡಿ ತರಿಸದೆ ಅರಿಶಿಣದ ಕೊಂಬನ್ನೇ ನೆನೆಹಾಕಿ ಅರೆದಿದ್ದಳು. ಬಟ್ಟಲಿಗೆ ಬೆರಳದ್ದಿ ಹುಡುಗಿಯ ಕೆನ್ನೆಗೆ ಹಚ್ಚಬೇಕು, ಅಷ್ಟರಲ್ಲಿ ಆ ಹಸಿ ವಾಸನೆ ಮೂಗಿಗೆ ಬಂತು. ಕೈ ಅಲ್ಲೇ ನಿಂತಿತು.

"ಹಚ್ರಿ ಬಾಯಿ, ಎಲ್ಲಿ ಹೋದ್ರಿ?" ಎಂದು ಸಾನಿಕಾ ನಕ್ಕಳು. ನಮ್ಮ ಕಡೆ ಮರಾಠಿ ಶಾಲೆಗಳಲ್ಲಿ ಪಾಠ ಹೇಳುವ ಹೆಂಗಸನ್ನು ಬಾಯಿ ಅನ್ನುತ್ತಾರೆ. ಅದೇ ರೂಢಿ ಅವಳಿಗೆ ಇನ್ನೂ ಉಳಿದಿದೆ. ನಾನು ಎಲ್ಲಿ ಹೋಗಿದ್ದೆ ಅನ್ನುವುದು ಅವಳಿಗೂ ಗೊತ್ತಿರಬೇಕು. ಅಲ್ಲಿ ಅವಳೂ ಇದ್ದಳು.

ಹೋಗಿದ್ದು ಸಾಂಗ್ಲಿಯ ಹಳೇ ಪೇಟೆಯ ನಮ್ಮ ಮನೆಗೆ, ಒಂದು ಮಳೆಗಾಲಕ್ಕೆ. ಮಾವನವರದು ಅರಿಶಿಣದ ವ್ಯಾಪಾರ. ಬೀದಿಗೆ ತೆರೆದುಕೊಂಡ ಪಡಸಾಲೆಯಲ್ಲಿ ಅವರ ಬಿಳಿ ಗಾದಿ, ಎರಡು ಲೋಡು. ರೈತರು, ವ್ಯಾಪಾರಿಗಳು ಬಂದು ಕೂತು ಕೊಂಬು ಮುರಿದು ನೋಡಿ, ಮೂಸಿ, ಮಾತಾಡಿ ಎದ್ದು ಹೋಗುತ್ತಿದ್ದರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಮಾವನವರು ಲಿಂಗೈಕ್ಯರಾಗಿದ್ದರು. ನಮ್ಮವರು ವ್ಯಾಪಾರವನ್ನೆಲ್ಲ ಮಾರ್ಕೆಟ್ ಯಾರ್ಡಿಗೆ ಒಯ್ದಿದ್ದರು. ಪಡಸಾಲೆ ಖಾಲಿ. ಆದರೆ ಅರಿಶಿಣ ಗೋಡೆಯೊಳಕ್ಕೆ ಇಳಿದುಬಿಟ್ಟಿತ್ತು. ಬೇಸಿಗೆಯಲ್ಲಿ ಅದು ಸುಮ್ಮನಿರುತ್ತಿತ್ತು. ಮಳೆ ಬಿದ್ದು ಗೋಡೆ ತೇವವಾದ ದಿನ ಮೆಲ್ಲಗೆ ಎದ್ದು ಮನೆಯ ತುಂಬ ಓಡಾಡುತ್ತಿತ್ತು. ಆ ವಾಸನೆಯಲ್ಲಿ ಮಧ್ಯಾಹ್ನ ಮಲಗಿದರೆ ಎದ್ದಾಗ ಬೆಳಗೋ ಸಂಜೆಯೋ ತಿಳಿಯುತ್ತಿರಲಿಲ್ಲ.

ಆ ಮನೆಯಲ್ಲಿ ನಾವು ಮೂವರೇ. ನಮ್ಮವರು ಬೆಳಿಗ್ಗೆ ಯಾರ್ಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಉಳಿದ ಹೊತ್ತು ಅತ್ತೆ ಮತ್ತು ನಾನು. ಅತ್ತೆ ಮಾತುಗಾರ್ತಿ. ಬೆಳ್ಳುಳ್ಳಿ ಸುಲಿಯುತ್ತ ಕೂತರೆ ಕಸಬೆ ಡಿಗ್ರಜದ ಅವರ ತವರಿನ ಎಮ್ಮೆಗಳಿಂದ ಹಿಡಿದು ಯಾರ ಮದುವೆಯಲ್ಲಿ ಯಾರು ಯಾಕೆ ಮುನಿಸಿಕೊಂಡರು ಅನ್ನುವವರೆಗೆ ಹೇಳುತ್ತಿದ್ದರು. ಅಥಣಿ ಕಡೆಯಿಂದ ಬಂದು ಮರಾಠಿ ಸರಿಯಾಗಿ ಬಾರದೆ ಒದ್ದಾಡುತ್ತಿದ್ದ ನನಗೆ ಆ ಕನ್ನಡ ಊಟದಷ್ಟೇ ಬೇಕಾಗಿತ್ತು.

ಅಂಥ ಅತ್ತೆ ನನ್ನ ಜೊತೆ ಮಾತು ಬಿಟ್ಟರು.

ಕಾರಣ ನನ್ನ ಇಂಗ್ಲಿಷ್ ಕ್ಲಾಸು. ನಾನು ಇಂಗ್ಲಿಷ್‌ನಲ್ಲಿ ಬಿ.ಎ. ಮಾಡಿದವಳೆಂದು ಓಣಿಗೆಲ್ಲ ಗೊತ್ತಾಗಿ, ಮಕ್ಕಳಿಗೆ ಗ್ರಾಮರ್ ಹೇಳಿಕೊಡಿ ಎಂದು ಅಕ್ಕಪಕ್ಕದವರು ಬೆನ್ನುಹತ್ತಿದ್ದರು. ಪಡಸಾಲೆ ಹೇಗೂ ಖಾಲಿ, ಮಾಡು ಎಂದರು ನಮ್ಮವರು. ಮೊದಲ ಮಳೆ ಬಿದ್ದ ವಾರ ಚಾಪೆ ಹಾಸಿ, ಗೋಡೆಗೊಂದು ಕರಿಹಲಗೆ ಒರಗಿಸಿ, ನನಗೊಂದು ಕುರ್ಚಿ ಎಳೆದುಕೊಂಡು ಕೂತೆ. ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಈ ಮನಿಗೆ ಬಂದು ನಲ್ವತ್ತ ವರ್ಷ ಆತು. ಈ ಪಡಸಾಲ್ಯಾಗ ನಾ ಒಂದ ದಿನಾ ಕುಂತಿಲ್ಲ. ಗ್ವಾಡಿ ಹಿಡದ ದಾಟೇನಿ, ಅಷ್ಟ. ನೀ ಕುರ್ಚಿ ಹಾಕ್ಕೊಂಡು ಬೀದಿ ಕಡೆ ಮಾರಿ ಮಾಡಿ ಕುಂದ್ರತಿ?"

"ಅತ್ತಿ, ಸಣ್ಣ ಹುಡುಗೂರು ಬರ್ತಾವ್ರಿ. ಅವರು ಕೇಳ್ಯಾರ, ಇವರು ಹೂಂ ಅಂದಾರ."

"ಅಂವಾ ಅಂದಾನು. ನನಗ ಯಾರ ಕೇಳ್ಯಾರ? ಇಲ್ಲಿ ಶಾಳಾ ನಡಿಯೂತನಕ ನನ್ನ ಸೊಸಿ ಕೂಡ ನಾ ಮಾತಾಡಂಗಿಲ್ಲ. ಲಿಂಗದ ಆಣಿ."

ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಯೇ ಹೇಳಿದರು. ಸಿಟ್ಟಿನ ಮಾತು, ಸಂಜೆಗೆ ಇಳಿಯುತ್ತದೆ ಅಂದುಕೊಂಡೆ. ಆದರೆ ಅತ್ತೆಯ ಆಣೆ ಅತ್ತೆಯ ಹೋಳಿಗೆಯ ಹಾಗೆ, ಒಮ್ಮೆ ಹಂಚಿಗೆ ಹಾಕಿದರೆ ಮುಗಿಯಿತು, ತಿರುಗಿ ಉಂಡೆ ಮಾಡುವ ಹಾಗಿಲ್ಲ. ಮಠಕ್ಕೆ ಹೋಗಿ ಸ್ವಾಮಿಗಳನ್ನು ಕೇಳಿ ಆಣೆ ಬಿಡಿಸೋಣ ಎಂದು ನಮ್ಮವರು ಅಂದು ನೋಡಿದರು. "ಆಣಿ ಅಂದ್ರ ಆಣಿ" ಎಂದು ಅತ್ತೆ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು.

ಹಾಗೆಂದು ಮನೆ ಮೌನವಾಯಿತೇ? ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ದೊಡ್ಡದೊಂದು ತಾಮ್ರದ ಹಂಡೆ ಇತ್ತು. ನನಗೆ ಹೇಳಬೇಕಾದ್ದನ್ನೆಲ್ಲ ಅತ್ತೆ ಅದಕ್ಕೆ ಹೇಳತೊಡಗಿದರು.

"ಹಂಡೆವ್ವಾ, ಹಾಲ ಉಕ್ಕಾಕತ್ತೈತಿ. ನೋಡಾವ್ರು ಯಾರಾರ ಇದ್ರ ನೋಡ್ಲಿ."

"ಹಂಡೆವ್ವಾ, ಇಂಥಾ ಮಳ್ಯಾಗ ಛತ್ರಿ ಬಿಟ್ಟ ಹೊಂಟಾಳ ನೋಡು."

ನಾನೂ ಕಲಿತೆ. "ಹಂಡೆವ್ವಾ, ಪಲ್ಯಾಕ ಉಪ್ಪ ಹಾಕೇನಿ ಅಂತ ಅತ್ತ್ಯಾರಿಗೆ ಹೇಳು." ಹಂಡೆ ತುಂಬಿದ್ದಾಗ ಮಾತು ಅದರಲ್ಲಿ ಮುಳುಗಿ ಹೋಗುತ್ತಿತ್ತು. ಖಾಲಿಯಿದ್ದಾಗ ಸಣ್ಣಗೆ ಗುಂಯ್ ಎಂದು ತಿರುಗಿ ಬರುತ್ತಿತ್ತು. ಮಳೆಯ ಸದ್ದಿನ ನಡುವೆ ಆ ತಾಮ್ರದ ದನಿ ಕೇಳುತ್ತ ಕೂತರೆ, ನಾವಿಬ್ಬರೂ ಯಾರದೋ ಕನಸಿನಲ್ಲಿ ಅಡುಗೆ ಮಾಡುತ್ತಿದ್ದೇವೆ ಅನ್ನಿಸುತ್ತಿತ್ತು. "ನಮ್ಮ ಮನ್ಯಾಗ ಹಂಡೆಯಷ್ಟ ತಿಳಿದಾವ್ರು ಯಾರೂ ಇಲ್ಲ" ಎಂದು ನಮ್ಮವರು ಚೇಷ್ಟೆ ಮಾಡಿದರು. ಚೇಷ್ಟೆ ಅವರಿಗೆ. ಅತ್ತೆ ನನ್ನ ಮುಖ ನೋಡಿ ಒಂದು ಮಾತಾಡಲಿ ಎಂದು ನಾನು ಎಷ್ಟು ಹಂಬಲಿಸಿದೆ ಅನ್ನುವುದು ಹಂಡೆಗೂ ಹೇಳಲಿಲ್ಲ.

ಕ್ಲಾಸು ಮಾತ್ರ ನಡೆಯಿತು. ಸಂಜೆ ಐದಕ್ಕೆ ಮಕ್ಕಳು ಬರುವರು. ಒದ್ದೆ ಚೀಲ, ಒದ್ದೆ ಕೂದಲು, ಬಾಗಿಲಲ್ಲಿ ಚಪ್ಪಲಿಯ ರಾಶಿ. ಮೊದಲು ಹಾಜರಿ. ನಾನು ಹೆಸರು ಕರೆಯಬೇಕು, ಅವರು ಕೈ ಎತ್ತಿ "ಹಾಜರ, ಬಾಯಿ" ಅನ್ನಬೇಕು. ಹತ್ತಾರು ಮಕ್ಕಳಿಗೆ ಹಾಜರಿ ಯಾಕೆ ಬೇಕಿತ್ತೋ. ಆದರೆ ಅದಿಲ್ಲದೆ ಅವಕ್ಕೆ ಕ್ಲಾಸು ಅನ್ನಿಸುತ್ತಿರಲಿಲ್ಲ. ತನ್ನ ಹೆಸರು ಬರುವುದನ್ನು ಪ್ರತಿಯೊಂದೂ ಉಸಿರು ಹಿಡಿದು ಕಾಯುತ್ತಿತ್ತು. ಸಾನಿಕಾ ಆಗ ಆರನೆಯ ಇಯತ್ತೆ. ಸಾಂಗ್ಲಿಯಲ್ಲೇ ಶಾಲೆ, ಅಪ್ಪ ಕೆಲಸ ಮುಗಿಸಿ ಸೇತುವೆ ದಾಟಿಸಿ ಕರೆದೊಯ್ಯುವವರೆಗೆ ನಮ್ಮ ಓಣಿಯಲ್ಲಿದ್ದ ಮಾವಶಿಯ, ಅಂದರೆ ಅವ್ವನ ತಂಗಿಯ ಮನೆಯಲ್ಲಿ ಇರುತ್ತಿದ್ದಳು. ಅವಳ ಪಕ್ಕ ಓಂಕಾರ, ಎದುರು ಮನೆಯವನು, ಯಾವ ಪಾಠ ಹೇಳಿದರೂ ತಿನ್ನುವುದರ ಕಡೆಗೇ ತಿರುಗಿಸುವವನು.

ಆ ಮಳೆಗಾಲವೆಲ್ಲ ನಾನು ಅವರಿಗೆ ನಾಮಪದದ ಬಗೆಗಳನ್ನು ಹೇಳಿಕೊಟ್ಟೆ. ಬೇರೆ ಏನಾದರೂ ಕಲಿಸಿದೆನೋ ಇಲ್ಲವೋ, ನೆನಪಿರುವುದು ಅದೊಂದೇ. ಮಟೀರಿಯಲ್ ನೌನ್ ಅಂದರೆ ವಸ್ತು ಯಾವುದರಿಂದ ಆಗಿದೆಯೋ ಅದು ಎಂದರೆ, ಎಲ್ಲರೂ ಗೋಡೆಗೆ ಮೂಗು ಹಚ್ಚಿ "ಅರಿಶಿಣ" ಅಂದರು. ಅಬ್‌ಸ್ಟ್ರಾಕ್ಟ್ ನೌನ್ ದಿನ, ಕಣ್ಣಿಗೆ ಕಾಣದ, ಕೈಗೆ ಸಿಗದ ಒಂದನ್ನು ಹೇಳಿ ಎಂದೆ.

"ಸಿಟ್ಟು" ಎಂದಳು ಸಾನಿಕಾ.

"ಸಿಟ್ಟ ಕಾಣ್ತೈತಲ್ರಿ ಬಾಯಿ" ಎಂದ ಓಂಕಾರ, ಅಡುಗೆಮನೆಯ ಕಡೆ ಕಣ್ಣು ಹೊರಳಿಸಿ. "ಅಲ್ಲೇ ಐತಿ."

ಒಳಗೆ ಲಟ್ಟಣಿಗೆಯ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು, ಮೊದಲಿಗಿಂತ ಮೆಲ್ಲಗೆ. ಅತ್ತೆ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಾದದ್ದು ಆವತ್ತು.

ಕಲೆಕ್ಟಿವ್ ನೌನ್ ಬಂದಾಗ ಪಡಸಾಲೆ ಸಂತೆಯಾಯಿತು. ಗುಂಪಿಗೆಲ್ಲ ಒಂದು ಹೆಸರು ಇರುತ್ತದೆ, ನಿಮ್ಮ ಮನೆಯಲ್ಲಿ ಯಾವುದಕ್ಕೆ ಏನನ್ನುತ್ತಾರೆ ಹೇಳಿ ಎಂದದ್ದೇ ತಪ್ಪಾಯಿತು. ಕಬ್ಬಿಗೆ ಮೋಳಿ, ಮೇವಿಗೆ ಪೆಂಡಿ, ದ್ರಾಕ್ಷಿಗೆ ಗೊಂಚಲು. ಕನ್ನಡ, ಮರಾಠಿ ಎರಡರಲ್ಲೂ ಕೂಗತೊಡಗಿದರು. ಒಳಗಿನಿಂದ ದನಿ ಬಂತು.

"ಹಂಡೆವ್ವಾ, ಬಾಳಿಗೆ ಗೊನಿ, ಕುರಿಗೆ ಹಿಂಡ. ಮಾತಾಡದ ಕುಂತ ಮಂದಿಗೆ ಏನಂತಾರ, ಕೇಳ ಅಕೀನ."

ಓಂಕಾರ ಎದ್ದು ನಿಂತ. "ಕ್ಲಾಸ್ ಅಂತಾರ್ರಿ ಆಜಿ. ಬಾಯಿ ಬೈದ ಮ್ಯಾಲ."

ಮಕ್ಕಳು ನಕ್ಕವು. ಬೋರ್ಡಿನ ಮೇಲೆ ಕ್ಲಾಸ್ ಎಂದು ಬರೆದು, ಅದರ ಕೆಳಗೆ ಫ್ಯಾಮಿಲಿ ಎಂದು ಬರೆದು, ನಾನು ತುಸು ಹೊತ್ತು ಅವರಿಗೆ ಬೆನ್ನು ಮಾಡಿಯೇ ನಿಂತೆ. ಕಣ್ಣಲ್ಲಿ ನೀರಿತ್ತು, ಸೀಮೆಸುಣ್ಣದ ಪುಡಿ ಬಿತ್ತು ಅಂದೆ.

ಇನ್ನು ಪ್ರಾಪರ್ ನೌನ್. ಒಬ್ಬರಿಗೇ, ಒಂದು ಊರಿಗೇ, ಒಂದು ಹೊಳೆಗೇ ಇರುವ ಹೆಸರು. ಇಲ್ಲಿ ನನಗೊಂದು ತೊಡಕಿತ್ತು. ನಮ್ಮ ಮನೆತನಗಳಲ್ಲಿ ಸೊಸೆ ಗಂಡನ ಹೆಸರು ಹೇಳುವುದಿಲ್ಲ, ಅತ್ತೆಯ ಹೆಸರನ್ನೂ ಹೇಳುವುದಿಲ್ಲ. ಅದೇ ಹೆಸರಿನವಳು ಇನ್ನೊಬ್ಬಳಿದ್ದರೆ "ನಮ್ಮತ್ತಿ ಹೆಸರಿನಾಕಿ" ಅನ್ನಬೇಕು. ನನ್ನ ಅತ್ತೆಗೆ ಅವರ ಅಪ್ಪ ಇಟ್ಟದ್ದು ಸಾಂಗ್ಲಿಯ ಹೊಳೆಯ ಹೆಸರು. ಹೊಳೆ ತುಂಬಿ ಹರಿಯುವಾಗ ಹುಟ್ಟಿದರಂತೆ. ಆದ್ದರಿಂದ ಆ ಊರಿಗೆ ಸೊಸೆಯಾಗಿ ಹೋದಂದಿನಿಂದ ನಾನು ಹೊಳೆಯ ಹೆಸರನ್ನೂ ಹೇಳಿದವಳಲ್ಲ. "ಹೊಳಿ" ಅನ್ನುತ್ತಿದ್ದೆ, ಅಷ್ಟೇ. ಬೋರ್ಡಿನ ಮೇಲೆ ವಾರಣಾ, ಪಂಚಗಂಗಾ ಎಂದು ಸುತ್ತಲಿನ ಬೇರೆ ಹೊಳೆಗಳನ್ನೆಲ್ಲ ಬರೆದೆ.

"ಬಾಯಿ, ನಮ್ಮ ನದಿ ಬರದಽ ಇಲ್ಲ" ಎಂದಳು ಸಾನಿಕಾ. ಅದರ ಹೆಸರ ಏನು ಹೇಳ್ರಿ, ಹೇಳ್ರಿ ಎಂದು ಎಲ್ಲರೂ ಗಂಟುಬಿದ್ದರು. ಬಾಯಿಗೆ ತಮ್ಮ ಊರಿನ ನದಿಯ ಹೆಸರೇ ಗೊತ್ತಿಲ್ಲ ಅನ್ನುವ ಸಂಶಯ ಆಗಲೇ ಅವರ ಮುಖದ ಮೇಲೆ ಕಾಣುತ್ತಿತ್ತು. ಹೇಳಬಾರದು ಸರಿ, ಆದರೆ ಬರೆಯಬಾರದೆಂದು ಯಾರೂ ಅಂದಿಲ್ಲವಲ್ಲ ಎಂದುಕೊಂಡು ದೊಡ್ಡಕ್ಷರದಲ್ಲಿ ಬರೆದೆ. ಬೆರಳು ಮಾಡಿ ತೋರಿಸಿದೆ. ಅಷ್ಟೂ ಮಕ್ಕಳು ಒಂದೇ ದನಿಯಲ್ಲಿ ಆ ಹೆಸರು ಕೂಗಿದವು.

"ಓ" ಎಂದರು ಅಡುಗೆಮನೆಯಿಂದ ಅತ್ತೆ.

ಮಕ್ಕಳಿಗೆ ಅದೊಂದು ಆಟ. ಮತ್ತೆ ಕೂಗಿದವು. ಒಳಗಿನಿಂದ ಈ ಸಲ ಸದ್ದು ಬರಲಿಲ್ಲ. ಅವು ಮನೆಗೆ ಹೋದ ಮೇಲೆ ನಾನು ಒಳಗೆ ಹೋದೆ. ಅತ್ತೆ ಒಲೆಯ ಮುಂದೆ ಕೂತಿದ್ದರು, ಮುಖ ಕೆಂಪಾಗಿತ್ತು, ಹಿಟ್ಟಿನ ಕೈ ಹಾಗೇ ತೊಡೆಯ ಮೇಲಿತ್ತು.

"ಹಂಡೆವ್ವಾ" ಎಂದರು ಮೆಲ್ಲಗೆ. "ನನ್ನ ಹೆಸರ ಹಿಡದ ಯಾರರ ಕರದು ಎಷ್ಟ ವರ್ಷ ಆತೋ ಏನೋ. ಅವ್ವ ಸತ್ತ ಮ್ಯಾಲ ಯಾರೂ ಇಲ್ಲ. ನನ್ನ ಮಗನ ಅಪ್ಪ ಅಂತೂ 'ಏ, ಕೇಳಿಲ್ಲಿ' ಅಂದಕೋತ ಹೋಗಿಬಿಟ್ರು. ನನಗ ಹೆಸರೈತಿ ಅನ್ನೂದ ಮರತಿದ್ದೆ ನೋಡು."

ನಾನು ಅವರ ಮುಂದೆಯೇ ನಿಂತಿದ್ದೆ. ಮಾತು ಮಾತ್ರ ಹಂಡೆಗೆ. ಕೈ ಹಿಡಿದುಕೊಳ್ಳಬೇಕು ಅನ್ನಿಸಿತು, ಧೈರ್ಯ ಆಗಲಿಲ್ಲ.

ಮರುದಿನದಿಂದ ಅತ್ತೆ ಬೆಳ್ಳುಳ್ಳಿಯ ಮೊರವನ್ನು ಬಾಗಿಲ ಹತ್ತಿರಕ್ಕೆ ತಂದುಕೊಂಡರು. ಹೊಸ್ತಿಲ ಈಚೆ ಬರಲಿಲ್ಲ. ಹಾಜರಿ ಕರೆಯುವಾಗ ಸುಲಿಯುವುದನ್ನು ನಿಲ್ಲಿಸುತ್ತಿದ್ದರು. ಒಂದೊಂದು ಹೆಸರಿಗೂ ತಲೆ ಸಣ್ಣಗೆ ಆಡುತ್ತಿತ್ತು.

ಆಮೇಲೆ ಮಳೆ ಹಿಡಿದು ಕೂತಿತು. ಹೊಳೆ ಸ್ನಾನಘಟ್ಟದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗಿ, ತಗ್ಗಿನ ಓಣಿಗಳಿಗೆ ಬಂತು. ಸೇತುವೆಯ ಮೇಲೆ ಜನರನ್ನು ಬಿಡಲಿಲ್ಲ. ಸಾಂಗ್ಲಿವಾಡಿಗೆ ಹೋಗಲಾರದೆ ಸಾನಿಕಾ ಮಾವಶಿಯ ಮನೆಯಲ್ಲೇ ಉಳಿದಳು. ಬೇರೆ ಮಕ್ಕಳನ್ನು ಅವರವರ ತಾಯಂದಿರು ಮಿರಜಕ್ಕೆ, ಖಂಡೇರಾಜುರಿಗೆ, ನೀರಿಲ್ಲದ ಕಡೆ ನೆಂಟರ ಮನೆಗೆ ಕಳಿಸಿದರು. ನಮ್ಮ ಓಣಿ ಎತ್ತರದಲ್ಲಿತ್ತು, ನೀರು ಬರಲಿಲ್ಲ. ಆದರೆ ಗಾಳಿಯಲ್ಲೆಲ್ಲ ಕೆಂಪು ನೀರಿನ ವಾಸನೆ. ಹಗಲೇ ದೀಪ ಹಚ್ಚಬೇಕಾದಷ್ಟು ಕತ್ತಲೆ. ಕ್ಲಾಸಿಗೆ ಉಳಿದದ್ದು ಸಾನಿಕಾ ಮತ್ತು ಓಂಕಾರ.

ಅದೇ ದಿನಗಳಲ್ಲಿ ನನಗೆ ಜ್ವರ ಬಂತು. ಜ್ವರದ ಮಂಪರಿನಲ್ಲಿ ಮಳೆ, ಅರಿಶಿಣ, ಮಕ್ಕಳ ದನಿ ಎಲ್ಲ ಒಂದರೊಳಗೊಂದು ಕರಗಿ ಹೋಗುತ್ತಿದ್ದವು. ನಾನು ನೀರಿನ ಮೇಲೆ ಚಾಪೆ ಹಾಸಿ ಕೂತಿದ್ದೇನೆ, ಹಾಜರಿ ಕರೆಯುತ್ತಿದ್ದೇನೆ, ಯಾರೂ ಓ ಅನ್ನುತ್ತಿಲ್ಲ. ಕಣ್ಣು ಬಿಟ್ಟರೆ ಹಣೆಯ ಮೇಲೆ ಅತ್ತೆಯ ಕೈ. ಶುಂಠಿ, ಮೆಣಸಿನ ಕಷಾಯ ಬಾಯಿಗೆ ಹಿಡಿಯುತ್ತಿದ್ದರು, ಬೆವರು ಒರೆಸುತ್ತಿದ್ದರು, ತಲೆ ಬಾಚಿ ಹೆಣೆದರು. ಎಲ್ಲ ಮಾಡಿದರು. ಹಾಸಿಗೆಯ ಪಕ್ಕ ಕೂತು, ಮೂರು ಮಾರು ದೂರದ ಹಂಡೆಗೆ ಹೇಳುತ್ತಿದ್ದರು: "ಹಂಡೆವ್ವಾ, ಇನ್ನೊಂದ ಗುಟಕ ಕುಡಿ ಅಂತ ಹೇಳು."

"ಅತ್ತಿ, ನನಗ ಹೇಳ್ರಿ" ಅಂದೆ. ತುಟಿ ಅಲ್ಲಾಡಿದ್ದು ನೋಡಿದೆ. ಹೇಳಲಿಲ್ಲ. ಕಣ್ಣು ತುಂಬಿಕೊಂಡು ಎದ್ದು ಹೋದರು. ಇಷ್ಟು ಹತ್ತಿರದಲ್ಲಿದ್ದು ಒಂದು ಮಾತಿಗೆ ಇಬ್ಬರೂ ಹೀಗೆ ಬಾಯಾರುವುದು ಯಾವ ಸಂಪತ್ತಿಗೆ ಅನ್ನಿಸಿಬಿಟ್ಟಿತು. ಕ್ಲಾಸು ನಿಂತರೆ ಆಣೆ ತೀರುತ್ತದೆ. ಹೇಗೂ ಇಬ್ಬರೇ ಮಕ್ಕಳು ಉಳಿದಿದ್ದಾರೆ.

ಜ್ವರ ಬಿಟ್ಟ ದಿನ ನಾನೇ ಹಂಡೆಯ ಮುಂದೆ ಹೋಗಿ ನಿಂತೆ. "ಹಂಡೆವ್ವಾ, ನಾಳಿಂದ ಕ್ಲಾಸ ಇಲ್ಲಂತ ಅತ್ತ್ಯಾರಿಗೆ ಹೇಳು."

ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. ಸಂತೋಷಪಡುತ್ತಾರೆ ಅಂದುಕೊಂಡಿದ್ದೆ, ಅಕ್ಕಿಯಲ್ಲಿ ಕಲ್ಲು ಹುಡುಕುವ ಬೆರಳು ಬಹಳ ಹೊತ್ತು ಒಂದೇ ಕಡೆ ತಿರುಗುತ್ತಿತ್ತು.

ಮರುದಿನ ಬೆಳಿಗ್ಗೆ ಈಗ ಮಾತಾಡುತ್ತಾರೆ, ಈಗ ಮಾತಾಡುತ್ತಾರೆ ಎಂದು ಅವರ ಹಿಂದೆಯೇ ಸುಳಿದಾಡಿದೆ. ಚಹಾ ಕೊಟ್ಟರು, ರೊಟ್ಟಿ ಬಡಿದರು. "ಹಂಡೆವ್ವಾ, ಶಾಳಾ ಇನ್ನೂ ಮುಗದಿಲ್ಲ. ಐದ ಆಗಲಿ" ಎಂದಷ್ಟೇ ಅಂದರು. ನನಗೆ ಅರ್ಥವಾಗಲಿಲ್ಲ.

ಸಂಜೆ ಮಳೆ ತುಸು ಬಿಟ್ಟಿತ್ತು. ಬೀದಿಯ ಬಾಗಿಲಿನಿಂದ ಹಳದಿ ಬೆಳಕು ಒಳಗೆ ಬಂದು ಪಡಸಾಲೆಯೆಲ್ಲ ಅರಿಶಿಣ ಎರಚಿದಂತೆ ಆಗಿತ್ತು. ಸಾನಿಕಾ, ಓಂಕಾರ ಎಂದಿನಂತೆ ಬಂದು ತಾವೇ ಚಾಪೆ ಬಿಡಿಸಿಕೊಂಡು ಕೂತಿದ್ದರು. ಇನ್ನು ಬರಬೇಡಿ ಎಂದು ಹೇಳಲು ಹೊರಗೆ ಬಂದೆ. ಮಾತು ತೆಗೆಯುವಷ್ಟರಲ್ಲಿ ಹಿಂದೆ ಬಳೆ ಸದ್ದಾಯಿತು.

ಅತ್ತೆ. ಹಬ್ಬಕ್ಕೆ ಉಡುವ ಇಳಕಲ್ ಸೀರೆ ಉಟ್ಟಿದ್ದರು, ತಲೆಯ ತುಂಬ ಸೆರಗು. ನಲವತ್ತು ವರ್ಷದ ರೂಢಿಯಂತೆ ಒಂದು ಕೈ ಗೋಡೆಯ ಮೇಲಿಟ್ಟುಕೊಂಡು ಬಂದರು. ಅರ್ಧ ಪಡಸಾಲೆ ಬಂದ ಮೇಲೆ ಕೈ ಗೋಡೆ ಬಿಟ್ಟಿತು. ನಡುಮಧ್ಯಕ್ಕೆ, ಒಂದು ಕಾಲಕ್ಕೆ ಗಾದಿ ಇದ್ದ ಜಾಗಕ್ಕೆ ನಡೆದು ಬಂದು, ಸಾನಿಕಾಳ ಪಕ್ಕ ಚಾಪೆಯ ಮೇಲೆ ಕೂತರು. ಓಂಕಾರ ಸರಿದು ಜಾಗ ಕೊಟ್ಟ. ಬೀದಿಯಲ್ಲಿ ಹೋಗುತ್ತಿದ್ದ ಮೂಲೆ ಅಂಗಡಿಯ ಕಾಕಾ ಒಳಗೆ ನೋಡಿ, ಗುರುತು ಸಿಗದೆ ಮತ್ತೊಮ್ಮೆ ನೋಡಿದರು. ಅತ್ತೆ ಸೆರಗು ಇನ್ನಷ್ಟು ಎಳೆದುಕೊಂಡರು, ಏಳಲಿಲ್ಲ.

ಕ್ಲಾಸು ನಿಲ್ಲಿಸಬೇಡ ಎಂದು ಹೇಳಲು ಬಂದಿದ್ದರು. ಹೇಳುವ ಹಾಗಿರಲಿಲ್ಲ, ಅದಕ್ಕೇ ಬಂದು ಕೂತಿದ್ದರು.

ನಾನು ಕುರ್ಚಿಯಲ್ಲಿ ಕೂತೆ. "ಬಾಯಿ, ಹಾಜರಿ ತಗೋರಿ" ಎಂದಳು ಸಾನಿಕಾ.

"ಓಂಕಾರ."

"ಹಾಜರ, ಬಾಯಿ."

"ಸಾನಿಕಾ."

"ಹಾಜರ, ಬಾಯಿ."

ಅಲ್ಲಿಗೆ ನಿಂತೆ. ಅತ್ತೆ ತಲೆ ತಗ್ಗಿಸಿ, ಆ ಮಕ್ಕಳು ಕಾಯುವಂತೆಯೇ ಉಸಿರು ಹಿಡಿದು ಕಾಯುತ್ತಿದ್ದರು. ತವರಿನಲ್ಲಿ ಅವ್ವ ಕಲಿಸಿದ್ದು, ಈ ಮನೆಯಲ್ಲಿ ಪಾಲಿಸಿದ್ದು ಎಲ್ಲ ಅಡ್ಡ ಬಂತು. ಹೆಸರು ಹೇಳಿದರೆ ಅತ್ತೆಯ ಆಯುಷ್ಯ ಕಡಿಮೆಯಾಗುತ್ತದೆ ಅನ್ನುತ್ತಿದ್ದರು. ನನಗೆ ನಿಜವಾಗಿ ಹೆದರಿಕೆಯಾಯಿತು.

"ಎಲ್ಲಾರ ಹೆಸರ ಕರೀಬೇಕ್ರಿ ಬಾಯಿ" ಎಂದಳು ಸಾನಿಕಾ.

"ಕೃಷ್ಣವ್ವ" ಅಂದೆ.

ಅತ್ತೆ ತಲೆ ಎತ್ತಿದರು. ಆ ಮಳೆಗಾಲದಲ್ಲಿ ಮೊದಲ ಸಲ ನನ್ನ ಮುಖವನ್ನೇ ನೋಡಿದರು, ಕೈ ಎತ್ತಿದರು.

"ಹಾಜರ, ಬಾಯಿ."

ಆವತ್ತು ಏನು ಪಾಠ ಮಾಡಿದೆನೋ ದೇವರೇ ಬಲ್ಲ. ರಾತ್ರಿ ಒಳಗಿನಿಂದ ಕೇಳಿಸಿತು: "ಆಣಿ ಏನ ಮುರದಿಲ್ಲ ಹಂಡೆವ್ವಾ. ಸೊಸಿ ಕೂಡ ಮಾತಾಡಿಲ್ಲ ನಾ. ಬಾಯಿ ಕೂಡ ಮಾತಾಡೇನಿ." ನೀರಿಳಿದು ಮಕ್ಕಳೆಲ್ಲ ತಿರುಗಿ ಬಂದವು. ನಾವು ಆ ಮನೆಯಲ್ಲಿ ಇರುವಷ್ಟು ವರ್ಷವೂ ಹಾಗೇ ನಡೆಯಿತು: ಐದರಿಂದ ಏಳರವರೆಗೆ ಅತ್ತೆ ಚಾಪೆಯ ಮೇಲೆ ಕೂತು ನನ್ನನ್ನು ಕೇಳಿದ್ದನ್ನೇ ಕೇಳುವರು, ಏಳಾದ ಮೇಲೆ ಎಲ್ಲ ಮಾತು ಹಂಡೆಗೆ. ಮಿರಜಕ್ಕೆ ಮನೆ ಬದಲಿಸಿದಾಗ ಆ ಪಡಸಾಲೆಯ ಶಾಲೆ ಮುಗಿಯಿತು, ಆಣೆಯೂ ತೀರಿತು, ಇಡೀ ದಿನ ಮಾತೇ ಮಾತು. ಆದರೆ ಬಾಯಿ ಅನ್ನುವುದನ್ನು ಬಿಡಲಿಲ್ಲ. "ಬಾಯಿ, ಚಾ ಆತೇನ್?" ಎಂದು ಕೇಳಿದರೆ ಬಂದ ನೆಂಟರು ಮಿಕಿಮಿಕಿ ನೋಡುತ್ತಿದ್ದರು. ಹೋದ ಚಳಿಗಾಲದಲ್ಲಿ ಮಿರಜದಲ್ಲೇ ತೀರಿಕೊಂಡರು. ತುಂಬಿದ ವಯಸ್ಸು, ನಾನು ಹೆಸರು ಹೇಳಿದ್ದರಿಂದ ಏನೂ ಕಡಿಮೆಯಾಗಲಿಲ್ಲ.

ಸಾನಿಕಾಳ ಕೆನ್ನೆಗೆ ಅರಿಶಿಣ ಹಚ್ಚಿ, ಉಂಡು, ಹೊತ್ತು ಮುಳುಗುವ ಮುಂಚೆ ಬಸ್ಸು ಹಿಡಿದೆ. ಬೇಸಿಗೆಯ ಹೊಳೆ ಸೊರಗಿ ಒಂದು ಬದಿಗೆ ಸರಿದುಕೊಂಡಿತ್ತು. ಸೇತುವೆಯ ಮೇಲೆ ಬಸ್ಸು ನಿಧಾನವಾಯಿತು. ಬೆರಳಲ್ಲಿ ಇನ್ನೂ ಆ ವಾಸನೆ. ಕಿಟಕಿಗೆ ಮುಖ ಹಚ್ಚಿ, ಪಕ್ಕದವರಿಗೆ ಕೇಳದಷ್ಟು ಮೆಲ್ಲಗೆ, ಹೆಸರು ಕರೆದೆ. ಕರೆದು, ಸೇತುವೆ ಮುಗಿಯುವವರೆಗೆ ಕಾದೆ.